ಟಾರ್ಪಾಲಿನ್ ಅಡಿಯ ನಲವತ್ತು ಪೆಟ್ಟಿಗೆ

"ಸೊನ್ನೆ?! ನಮ್ಮಕ್ಕ ಇರೋ ಶಿಬಿರಕ್ಕೆ ಸೊನ್ನೆನಾ?"

ಗೋದಾಮಿನ ಮೇಲ್ವಿಚಾರಕಿ ನೀರು ಹಂಚಿಕೆಯ ಹಾಳೆಯನ್ನು ಅವನ ಮೇಜಿನ ಮೇಲೆ ಬಡಿದಳು. ಚಹಾದ ಲೋಟ ಅಲ್ಲಾಡಿತು. ಅವನು ಮಾತ್ರ ಅಲ್ಲಾಡಲಿಲ್ಲ. ಅವಳ ಪಿತ್ತ ನೆತ್ತಿಗೇರಿದ್ದೇ ಅದಕ್ಕೆ!

ನೆರೆ ಬಂದು ಮೂರು ವಾರವಾಗಿತ್ತು. ಯಾವ ಲಾರಿ ಯಾವ ಶಿಬಿರಕ್ಕೆ ಎಷ್ಟು ಕುಡಿಯುವ ನೀರು ಒಯ್ಯಬೇಕೆಂದು ಲೆಕ್ಕ ಹಾಕಿ ಹೇಳಲು ಮುಖ್ಯ ಕಚೇರಿ ಇವನನ್ನು ಕಳಿಸಿತ್ತು. ಹಮಾಲರು 'ಲೆಕ್ಕದ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅವನು ಬಂದ ಮೇಲೆ ಲಾರಿಗಳು ಅರ್ಧ ಖಾಲಿ ಓಡುವುದು ನಿಂತಿತ್ತು, ನಿಜ. ಹಮಾಲರ ನಡುವೆ ಕೂತು ಅವನು ನಗುನಗುತ್ತಾ ಊಟ ಮಾಡುವುದನ್ನು ಅವಳು ದಿನಾ ಕಿಟಕಿಯಿಂದ ನೋಡುತ್ತಿದ್ದಳು, ಅದೂ ನಿಜ. ಇವತ್ತು ಆ ನಗುವಿಗಿಷ್ಟು ಬೆಂಕಿ ಬೀಳಲಿ!

"ಎರಡು ಗಂಟೆಗೆ ಸೇತುವೆ ಮುಚ್ತಾರೆ ರೀ! ಆಮೇಲೆ ನಾಲ್ಕು ದಿನ ಆ ಕಡೆಗೆ ಒಂದು ಲಾರಿನೂ ಹೋಗಲ್ಲ. ಅಕ್ಕನ ಮಗೂಗೆ ಎಂಟು ತಿಂಗಳು. ಕೆಸರು ನೀರು ಕುಡಿಸ್ಬೇಕಾ?"

"ಮೇಡಂ, ಸ್ವಲ್ಪ ಕೇಳಿ..."

"ಏನು ಕೇಳೋದು? ಎದೆ ಇರೋ ಜಾಗದಲ್ಲಿ ಕ್ಯಾಲ್ಕುಲೇಟರ್ ಇಟ್ಕೊಂಡಿದ್ದೀರಾ?"

ಈ ಸಲ ಅವನು ಎದ್ದು ನಿಂತ. ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದ.

"ಈ ದಡದ ಆರು ಶಿಬಿರಕ್ಕೆ ನಾನೂರ ಅರವತ್ತು ಪೆಟ್ಟಿಗೆ ನೀರಿನ ಬಾಟಲಿ ಬೇಕೇ ಬೇಕು. ನೀವು ಬರೆದುಕೊಟ್ಟಿರೋ ದಾಸ್ತಾನೂ ನಾನೂರ ಅರವತ್ತೇ. ಸೇತುವೆ ಆಚೆಗೆ ಇನ್ನೂ ನಲವತ್ತು ಬೇಕು. ಬೆಳಿಗ್ಗೆಯಿಂದ ಆ ನಲವತ್ತಕ್ಕೆ ಮೂರು ಗೋದಾಮಿನವರ ಹತ್ರ ಅಂಗಲಾಚಿದ್ದೀನಿ! ನಿಮ್ಮಕ್ಕ ಅಲ್ಲಿದ್ದಾರೆ ಅಂತ ನಂಗೆ ಗೊತ್ತಿಲ್ವಾ? ಎಲ್ಲಿಂದ ತರ್ಲಿ, ನೀವೇ ಹೇಳಿ!"

ನಲವತ್ತು...

ಅವಳು ಹಿಂದಕ್ಕೆ ತಿರುಗಿ ನೋಡಿದಳು.

ಗೋದಾಮಿನ ಹಿಂದಿನ ಮೂಲೆಯಲ್ಲಿ, ಹರಿದ ಟಾರ್ಪಾಲಿನ್ ಅಡಿ, ಸರಿಯಾಗಿ ನಲವತ್ತು ಪೆಟ್ಟಿಗೆ ಇದ್ದವು. ಉಳಿದದ್ದನ್ನೆಲ್ಲ ಮುಖ್ಯ ಕಚೇರಿ ಕಿತ್ತುಕೊಂಡು ಹೋಗುತ್ತದೆಂದು ಪ್ರತಿ ಗೋದಾಮಿನವರೂ ಒಂದಿಷ್ಟು ಕಡಿಮೆ ಬರೆಯುತ್ತಾರೆ. ಅವಳದು ಹತ್ತು ವರ್ಷದ ರೂಢಿ. ಈ ಸಲವೂ ಕೈ ತನ್ನಷ್ಟಕ್ಕೆ ತಾನೇ ಬರೆದಿತ್ತು.

'ಅಕ್ಕನಿಗೆ ಸೊನ್ನೆ ಬರೆದವಳು ನಾನೇ!'

"ಇದೆ..." ಎಂದಳು. "ಹಿಂದೆ ಇದೆ. ನಾನೇ ಬಚ್ಚಿಟ್ಟಿದ್ದೀನಿ."

ಅವನ ಮುಖ ಕೆಂಪಗಾಯಿತು. "ಮೂರು ವಾರ ನಿಮ್ಮ ಪಕ್ಕದಲ್ಲೇ ಕೂತಿದ್ದೀನಿ! ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?"

"ಬೈಯೋದು ಆಮೇಲೆ ಬೈರಿ! ಮೊದ್ಲು ಪೆಟ್ಟಿಗೆ ಎತ್ತಿ!"

ಹಮಾಲರು ಊಟಕ್ಕೆ ಹೋಗಿದ್ದರು. ನಲವತ್ತನ್ನೂ ಇಬ್ಬರೇ ಹೊತ್ತು ಲಾರಿಗೆ ತುಂಬಿ ಕಳಿಸಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಡ್ರೈವರ್ ಫೋನು ಬಂತು: "ಸೇತುವೆ ದಾಟಿದ್ವಿ ಮೇಡಂ!"

ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಸ್ವಲ್ಪ ಹೊತ್ತಿಗೆ ಅವನೂ ಬಂದು ಪಕ್ಕದಲ್ಲಿ ಕೂತ.

"ನಂಗೆ ಕೋಪ ಇನ್ನೂ ಇಳಿದಿಲ್ಲ," ಎಂದ.

"ಇರ್ಲಿ. ನಂಗೂ ಇದೆ, ನನ್ನ ಮೇಲೆ. ನಾಳೆಯಿಂದ ಇದ್ದದ್ದು ಇದ್ದ ಹಾಗೇ ಬರೀತೀನಿ. ಕಿತ್ಕೊಳ್ಳೋಕೆ ಬಂದ್ರೆ ನೀವು ಅಡ್ಡ ನಿಲ್ಬೇಕು."

"ನಿಲ್ತೀನಿ... ಇನ್ನೇನಾದ್ರೂ ಬಚ್ಚಿಟ್ಟಿದ್ದೀರಾ?"

ಅವಳು ಕಣ್ಣೊರೆಸಿಕೊಂಡಳು.

"ಒಂದಿದೆ. ದಿನಾ ಊಟದ ಹೊತ್ತಿಗೆ ಕಿಟಕಿ ಹತ್ರ ನಿಂತಿರ್ತೀನಿ... ನಿಮ್ಮನ್ನ ನೋಡೋಕೆ."

"ಗೊತ್ತು. ಅದಕ್ಕೇ ನಾನು ಅದೇ ಜಾಗದಲ್ಲಿ ಕೂರೋದು."

"ಗೊತ್ತಿದ್ದೂ ಸುಮ್ನಿದ್ರಾ?!" ಅವಳಿಗೆ ಮತ್ತೆ ಸಿಟ್ಟು ನುಗ್ಗಿ ಬಂತು.

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಬೈರಿ," ಎಂದ. "ಈಗ ಪುರುಸೊತ್ತಿದೆ."