ಬಾಗಿಲ ಮೇಲಿನ ಇಸವಿ

ರಸ್ತೆ ಅಗಲ ಮಾಡಲು ಮನೆ ಕೆಡವುವ ನೋಟಿಸನ್ನು ಪುರಸಭೆಯ ಜವಾನ ಬಾಗಿಲಿಗೆ ಅಂಟಿಸಿ ಹೋದ ದಿನ, ಗಾರೆ ಮೇಸ್ತ್ರಿ ಅದನ್ನು ಎರಡು ಸಲ ಓದಿ, ಒಳಗೆ ಬಂದು ಅಡುಗೆಮನೆಯ ಗೋಡೆಯ ಮುಂದೆ ನಿಂತ. ಸುಣ್ಣದ ಗಾರೆಯಲ್ಲಿ ಮೊಳೆಯಿಂದ ಕೊರೆದ ಐದು ಗೀಟುಗಳು. ಒಂದೊಂದರ ಪಕ್ಕದಲ್ಲಿ ಒಂದೊಂದು ಅಂಕಿ, ಐದರಿಂದ ಒಂಬತ್ತರವರೆಗೆ. ಪ್ರತಿ ಹುಟ್ಟಿದ ದಿನ ಮಗಳನ್ನು ಗೋಡೆಗೆ ಒರಗಿಸಿ, ನೆತ್ತಿಯ ಮೇಲೆ ಕರಣೆಯಿಟ್ಟು ಅವನೇ ಕೊರೆದದ್ದು. ಹತ್ತನೆಯದಕ್ಕೆ ಅವಳು ಉಳಿಯಲಿಲ್ಲ. ಏಳು ದಿನದ ಜ್ವರ. ಇಪ್ಪತ್ತು ವರ್ಷವಾಗಿತ್ತು. ವರ್ಷವರ್ಷವೂ ಮನೆಗೆಲ್ಲ ಸುಣ್ಣ ಬಳಿಯುವಾಗ ಹೆಂಡತಿ ಆ ಮೊಳದಗಲದ ಜಾಗವನ್ನು ಬಿಟ್ಟು ಬಳಿಯುತ್ತಿದ್ದಳು.

"ಬೇರೆ ಮನೆ ಕೊಡ್ತಾರಂತೆ. ಈ ಗೋಡೇನ ಎಲ್ಲಿಂದ ಕೊಡ್ತಾರೆ?" ಎಂದಳು ಅವಳು.

ಗೋಡೆಯನ್ನು ಕೊಯ್ದು ಒಯ್ಯಬಹುದೇ ಎಂದು ಅವನು ಬಚ್ಚಲಮನೆಯ ಗೋಡೆಯಲ್ಲಿ ಪರೀಕ್ಷಿಸಿ ನೋಡಿದ. ಗಾರೆ ಒಣ ಹೆಂಟೆಯಂತೆ ಕೈಯಲ್ಲೇ ಪುಡಿಯಾಯಿತು.

ಉಳಿದದ್ದು ಒಂದೇ ದಾರಿ. ನೂರು ವರ್ಷ ದಾಟಿದ ಕಟ್ಟಡವನ್ನು ಪುರಸಭೆ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತೆಂದರೆ ಅದನ್ನು ಯಾರೂ ಮುಟ್ಟುವಂತಿಲ್ಲ, ರಸ್ತೆಯೇ ಬಳಸಿಕೊಂಡು ಹೋಗಬೇಕು. ಹಳೆಯ ಕಮಾನುಗಳ ರಿಪೇರಿ ಮಾಡಿ ಮಾಡಿ ಅವನಿಗೆ ಈ ಕಾನೂನು ಗೊತ್ತಿತ್ತು. ಅವನಪ್ಪ ಕಟ್ಟಿದ ಮನೆಗೆ ಅರವತ್ತು ತುಂಬಿತ್ತು. ಕಂದಾಯದ ಹಳೆಯ ಪುಸ್ತಕಗಳು ಎಂದೋ ನೆರೆಯಲ್ಲಿ ಕೊಳೆತುಹೋಗಿದ್ದವು. ನಲವತ್ತು ವರ್ಷದ ಸುಳ್ಳು ಹೇಳಬೇಕಿತ್ತು. ಬಾಯಲ್ಲಿ ಹೇಳಿ ಸಿಕ್ಕಿಬೀಳುವಷ್ಟು ದಡ್ಡನಲ್ಲ ಅವನು. ಕಲ್ಲಿನ ಕೈಲಿ ಹೇಳಿಸಿದ.

ಹಾಳುಬಾವಿಯ ಕಟ್ಟೆಯಿಂದ ಚಪ್ಪಡಿಯೊಂದನ್ನು ತಂದು ಇಸವಿ ಕೊರೆದ. ಅಂಕಿಗಳ ಅಂಚನ್ನು ಒದ್ದೆ ಮರಳಿನಿಂದ ಉಜ್ಜಿ ಸವೆಸಿದ. ಹುಳಿಮಜ್ಜಿಗೆ ಬಳಿದು ಬಚ್ಚಲ ಹಿಂದಿನ ತೇವದಲ್ಲಿ ಒರಗಿಸಿಟ್ಟ. ಎರಡು ತಿಂಗಳಲ್ಲಿ ಕಲ್ಲಿಗೆ ಹಾವಸೆ ಹಿಡಿಯಿತು. ಬಾಗಿಲ ಮೇಲೆ ಅದನ್ನು ಕೂರಿಸುವಾಗ ಹಳೆಯ ಗಾರೆಯನ್ನೇ ಕುಟ್ಟಿ ಹೊಸ ಸುಣ್ಣಕ್ಕೆ ಬೆರೆಸಿದ. ಮೇಲೆ ಏಳು ಕೋಟು ಸುಣ್ಣ, ನಡುನಡುವೆ ಹೊಗೆ. ಕೊನೆಗೆ ಒಂದು ಮೂಲೆಯಲ್ಲಿ ಮಾತ್ರ ಉಗುರಿನಗಲ ಸಿಪ್ಪೆ ಎಬ್ಬಿಸಿದ. ತಾನಾಗಿ ತೋರಿಸಿದರೆ ಅನುಮಾನ ಬರುತ್ತದೆ, ಅವರಾಗಿ ಕಂಡುಕೊಂಡರೆ ಅವರೇ ವಾದಿಸುತ್ತಾರೆ.

ಮನೆಗೆ ಅರವತ್ತು ವರ್ಷವಿರಬಹುದು, ಕೆಡವುವ ಮೊದಲು ಒಮ್ಮೆ ನೋಡಿ ಎಂದಷ್ಟೇ ಅವನು ಬರೆದ ಅರ್ಜಿ ನೋಡಿ ಪರಿಶೀಲನೆಗೆ ಬಂದ ಅಧಿಕಾರಿ ಹೆಣ್ಣುಮಗಳು. ಇಪ್ಪತ್ತೊಂಬತ್ತು ಇರಬಹುದು. ಆ ಲೆಕ್ಕ ಅವನ ಮನಸ್ಸಿನಲ್ಲಿ ತಾನಾಗಿ ನಡೆದುಹೋಯಿತು.

"ಮೇಸ್ತ್ರಿ, ಇಲ್ಲೇನೋ ಕಲ್ಲಿದೆಯಲ್ಲ!"

"ಕಲ್ಲಾ? ನಮ್ಮಪ್ಪ ಏನೂ ಹೇಳಿರ್ಲಿಲ್ವೇ ಮೇಡಂ. ಏಣಿ ತರ್ಲಾ?"

ಅವಳು ಏಣಿ ಹತ್ತಿ, ಕುಂಚದಿಂದ ಸುಣ್ಣ ಉದುರಿಸಿ, ಇಸವಿ ಓದಿ ನಕ್ಕುಬಿಟ್ಟಳು. "ಅರವತ್ತು ವರ್ಷದ್ದು ಅಂತಿದ್ರಲ್ಲ! ನಿಮ್ಮನೆ ನಿಮ್ಮನ್ನೇ ಏಮಾರಿಸಿದೆ!"

ಅವನೂ ನಕ್ಕ. ನಗು ಮುಗಿಯುವಷ್ಟರಲ್ಲಿ ಅವಳು ಅಡುಗೆಮನೆಯ ಗೋಡೆಯ ಮುಂದೆ ನಿಂತಿದ್ದಳು. ಆಗ ಅವನಿಗೆ ಹೊಳೆಯಿತು. ಐದರ ಬಾಲವನ್ನು ಕುಡುಗೋಲಿನಂತೆ ಬಾಗಿಸುವುದು ಅವನ ಕೈಯ ಚಾಳಿ. ಕಲ್ಲಿನ ಇಸವಿಯಲ್ಲೂ ಒಂದು ಐದಿತ್ತು. ಗೋಡೆಯ ಐದನ್ನು ನೋಡಿ ಅವಳು ಮತ್ತೆ ಏಣಿ ಹತ್ತಿದರೆ ಮುಗಿಯಿತು.

"ಇದೇನು? ಮಗು ಎತ್ತರ ಅಳೆದ ಹಾಗಿದೆ. ನಿಮ್ಮ ಮಕ್ಕಳದಾ?"

"ಅಯ್ಯೋ, ಅದೇನಿಲ್ಲ ಮೇಡಂ. ಯಾವಾಗಲೋ ಬಾಡಿಗೆಗಿದ್ದವರ ಹುಡುಗರು ಗೀಚಿದ್ದು." ಅವನು ಐದನ್ನು ಮರೆಮಾಡಿ ನಿಂತ. "ನಮಗೆ ಮಕ್ಕಳೇ ಇಲ್ಲ."

ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಅಧಿಕಾರಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದಿನ ಕೋಣೆಗೆ ಹೋದಳು.

ಸಂಜೆ ಹೆಂಡತಿ ತಟ್ಟೆ ಇಡುತ್ತ, "ಮಕ್ಕಳೇ ಇಲ್ಲ ಅಂದ್ಬಿಟ್ರಲ್ಲ" ಎಂದಳು.

"ಅವಳನ್ನ ಉಳಿಸ್ಕೊಳ್ಳೋಕೇ ಅಂದೆ ಕಣೇ."

ಅವಳು ಅನ್ನ ಬಡಿಸಿದಳು.

ಎಲ್ಲವೂ ಅವನೆಣಿಸಿದಂತೆಯೇ ನಡೆಯಿತು. ಸಭೆಯಲ್ಲಿ ಅಧಿಕಾರಿಯೇ ಕಲ್ಲಿನ ಪರವಾಗಿ ವಾದಿಸಿದಳು. ರಸ್ತೆಯ ನಕ್ಷೆ ಮನೆಯನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಮನೆಯ ದುರಸ್ತಿಯನ್ನೂ ಪುರಸಭೆಯೇ ಮಾಡಿಸುವುದೆಂದು ಆದೇಶ ಬಂತು. ಸೋರುವ ಹೆಂಚು, ಕಟ್ಟಿಕೊಂಡ ಚರಂಡಿ ಎಂದು ಮೊದಲ ಹಾಳೆಯಲ್ಲಿ ಓದಿ, ಒಳ್ಳೆಯದೇ ಆಯಿತೆಂದು ಎರಡನೆಯದರ ಕೆಳಗೆ ರುಜು ಹಾಕಿ, ದುರಸ್ತಿಯವರಿಗೆ ಬೀಗದ ಕೈಯೊಂದನ್ನು ಕೊಟ್ಟ.

ಫಲಕ ಕೊಡುವ ಸಮಾರಂಭಕ್ಕೆ ಗಂಡಹೆಂಡಿರಿಬ್ಬರೂ ಹೋದರು. ಅಧ್ಯಕ್ಷರು ಕೈಕುಲುಕಿ ಹಿತ್ತಾಳೆಯ ಫಲಕ ಕೊಟ್ಟಾಗ ಹಿಂದಿನ ಸಾಲಿನಲ್ಲಿದ್ದ ಹೆಂಡತಿ, ಎಷ್ಟೋ ವರ್ಷಗಳ ಮೇಲೆ, ಅವನನ್ನು ನೋಡಿ ನಕ್ಕಳು. ಮನೆ ಮುಟ್ಟುವಾಗ ಹಗಲಿನ್ನೂ ಇತ್ತು. ಹಸಿ ಸುಣ್ಣದ ವಾಸನೆ ಬೀದಿಗೇ ಬರುತ್ತಿತ್ತು. ಬಾಗಿಲಲ್ಲಿ ಕೂಲಿಯವನೊಬ್ಬ ಕೈ ತೊಳೆಯುತ್ತಿದ್ದ.

"ಅಡುಗೆಮನೆ ಗೋಡೆ ಕನ್ನಡಿ ಆಗಿದೆ ನೋಡಿ ಮೇಸ್ತ್ರಿ. ನೀವೂ ಇಷ್ಟು ನಯ ಮಾಡ್ತಿರ್ಲಿಲ್ಲ."

ಹೆಂಡತಿ ಓಡಿದಳು. ಅವನು ಒಳಗೆ ಬರುವಷ್ಟರಲ್ಲಿ ಅವಳು ಬಿಳಿಗೋಡೆಯ ಬುಡದಲ್ಲಿ ಕುಕ್ಕರಿಸಿ, ಕೆರೆದುಹಾಕಿದ ಗಾರೆಯ ಚೂರುಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಿದ್ದಳು. "ಒಂಬತ್ತನೇದು ಯಾವುದು ಅಂತ ಗೊತ್ತಾಗ್ತಿಲ್ಲ. ಸ್ವಲ್ಪ ನೋಡ್ರೀ" ಎಂದಳು, ತಲೆಯೆತ್ತದೆ. ಅವನು ಜೇಬಿನಿಂದ ಆದೇಶವನ್ನು ತೆಗೆದು ಎರಡನೆಯ ಹಾಳೆಯನ್ನು ಮೊದಲ ಸಲ ಓದಿದ: 'ಅಡುಗೆಮನೆಯ ಗೋಡೆಯಲ್ಲಿರುವ ಗೀರುಗಳು ಬಾಡಿಗೆದಾರರ ಮಕ್ಕಳು ಮಾಡಿದವೆಂದೂ ಕುಟುಂಬಕ್ಕೆ ಸಂಬಂಧಿಸಿದವಲ್ಲವೆಂದೂ ಮಾಲೀಕರು ತಿಳಿಸಿರುವುದರಿಂದ, ಅವನ್ನು ತೆಗೆದು ಗೋಡೆಯನ್ನು ಮೂಲ ಸ್ಥಿತಿಗೆ ತರತಕ್ಕದ್ದು.' ಕೆಳಗೆ ಅವನದೇ ರುಜು. ಪಕ್ಕದ ತಾರೀಖಿನಲ್ಲಿ, ಕುಡುಗೋಲಿನಂತೆ ಬಾಗಿದ ಒಂದು ಐದು.