ಬಂತಾ?

ಮುಸ್ಸಂಜೆ ವ್ಯಾನಿನ ಚಾವಣಿಯ ಮೇಲೆ ಟಕ್ ಎಂದು ಸಣ್ಣ ಸದ್ದಾಯಿತು. ನನ್ನವರು ಆಂಟೆನಾ ಕೂರಿಸುತ್ತಿದ್ದಾರೆ ಅಂದುಕೊಂಡೆ.

ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ವ್ಯಾನಿನಲ್ಲಿ ನಾವಿಬ್ಬರೂ ಊರೂರು ಸುತ್ತುತ್ತೇವೆ. ಎಲ್ಲಿ ನಿಲ್ಲಿಸಿದರೂ ಅವರು ಏಣಿ ಹತ್ತಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವುದು, ನಾನು ಒಳಗಿನಿಂದ ಫೋನ್ ನೋಡಿ ಉತ್ತರಿಸುವುದು ರೂಢಿ. ಹಿಂದಿನ ರಾತ್ರಿಯೇ ಮಗಳನ್ನು ಹೆರಿಗೆಗೆಂದು ಆಸ್ಪತ್ರೆಗೆ ಸೇರಿಸಿದ್ದರು. ಆ ದಿನ ಬೆಳಗಿನಿಂದ ಒಂದು ಕಡ್ಡಿ ಸಿಗ್ನಲ್ ಕೂಡ ಸಿಕ್ಕಿರಲಿಲ್ಲ.

"ಬಂತಾ?"

"ಇಲ್ಲ ರೀ, ಇನ್ನೊಂಚೂರು ತಿರುಗಿಸಿ."

"ಬಂತಾ?" ದನಿ ಚೂರೂ ಏರಿಳಿಯದೆ ಮೊದಲಿನಂತೆಯೇ ಇತ್ತು.

ಕಡ್ಡಿಗಳೆಲ್ಲ ಒಮ್ಮೆಲೇ ತುಂಬಿದವು. "ಬಂತು, ಬಂತು! ಇಳಿದು ಒಳಗೆ ಬನ್ನಿ."

ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟಿದವು. ಆಗಲೇ ಕಿಟಕಿಯಾಚೆ, ದೂರದ ನಲ್ಲಿಯಿಂದ ನೀರಿನ ಕ್ಯಾನ್ ಹೊತ್ತು ಬರುತ್ತಿದ್ದ ನನ್ನವರು ಕಂಡರು.

ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. "ಅತ್ತೆ, ಹೆಣ್ಣು ಮಗು. ಇಬ್ರೂ ಹುಷಾರಾಗಿದಾರೆ," ಎಂದ ಅಳಿಯ.

ಸುದ್ದಿ ಕೇಳಿ ನನ್ನವರು ನಕ್ಕರು. "ಅಜ್ಜಿ ಆಗ್ಬಿಟ್ಯಲ್ಲೇ! ಅದ್ಸರಿ, ಸಿಗ್ನಲ್ ಹೇಗೆ ಬಂತು? ಆಂಟೆನಾ ಇನ್ನೂ ಮಂಚದ ಕೆಳಗೇ ಇದೆ. ಬಾಗಿಲು ಬೇರೆ ಹಾರು ಹೊಡ್ದಿಟ್ಟಿದೀಯ."

ಬಾಗಿಲಿಗೆ ನಾನೇ ಚಿಲಕ ಹಾಕಿದ್ದೆ.

ಕೂಡಲೇ ಆಸ್ಪತ್ರೆಯ ದಾರಿ ಹಿಡಿದೆವು. ಕಿಟಕಿಗಳನ್ನೆಲ್ಲ ಮುಚ್ಚಿದರೂ ಬೆನ್ನ ಹಿಂದಿನ ಚಳಿ ಹೋಗಲಿಲ್ಲ. ಗಾಡಿ ತಿರುಗಿಸಿ ಎನ್ನಲು ಬಾಯಿ ತೆರೆದೆ. ಮೊಮ್ಮಗಳನ್ನು ನೋಡುವ ಆತುರದಲ್ಲಿದ್ದವರಿಗೆ ಏನೆಂದು ಹೇಳಲಿ? ಒಳಗೆ ಕರೆದವಳು ನಾನೇ. ಅವರಿಗಾಗಲಿ, ಹಸಿ ಬಾಣಂತಿ ಮಗಳಿಗಾಗಲಿ ಇದನ್ನು ಎಂದೂ ಹೇಳಬಾರದೆಂದು ಆಗಲೇ ನಿಶ್ಚಯಿಸಿದೆ.