ಒಂಬತ್ತೂವರೆಗೆ ಮುಂಚಿನ ಗಾಡಿ

ಕ್ಲೈವ್ ಪೂರ್ತಿ ದರ ಕೊಟ್ಟು ರೈಲು ಹತ್ತುತ್ತಾನೆಂದರೆ ಏನೋ ಕೆಟ್ಟದ್ದು ಕಾದಿದೆ ಎಂದೇ ಅರ್ಥ. "ನಾಳೆ ಏಳೂ ಇಪ್ಪತ್ತರ ಗಾಡಿಗೆ ಬಾ ಥೆಲ್ಮಾ, ಟಿಕೆಟ್ ನಾನೇ ತಗೊಂಡಿದೀನಿ" ಎಂದು ಅವನು ಫೋನಿನಲ್ಲಿ ಹೇಳಿದ.

ಮೂರು ವರ್ಷಗಳಿಂದ ನಮ್ಮ ಗುರುವಾರಗಳು ಒಂಬತ್ತೂವರೆಯ ಮೇಲೆಯೇ ಶುರುವಾಗುತ್ತಿದ್ದವು. ನಮ್ಮದು ಜೋಡಿ ರೈಲ್‌ಕಾರ್ಡ್. ಒಂದೇ ಕಾರ್ಡಿನಲ್ಲಿ ಇಬ್ಬರ ಫೋಟೋ. ಇಬ್ಬರೂ ಜೊತೆಯಲ್ಲೇ ಹೋದರೆ ದರದಲ್ಲಿ ಮೂರನೇ ಒಂದು ಭಾಗ ಕಡಿಮೆ, ಅದೂ ಬೆಳಗಿನ ಆಫೀಸಿನವರ ನೂಕುನುಗ್ಗಲು ಮುಗಿದು ಒಂಬತ್ತೂವರೆ ಆದ ಮೇಲೆ. ನಮ್ಮೂರು ಮಾಲ್ವರ್ನಿನ ಪ್ಲಾಟ್‌ಫಾರ್ಮಿನಲ್ಲಿ ನಮಗೆ ಬರೀ ಮುಖಪರಿಚಯವಿದ್ದಾಗ ಈ ಉಪಾಯ ತೆಗೆದವನು ಅವನೇ.

"ಹೇಗೂ ಇಬ್ಬರೂ ಬರ್ಮಿಂಗ್‌ಹ್ಯಾಮಿಗೇ ಹೋಗ್ತೀವಿ. ಉಳಿದ ದುಡ್ಡಲ್ಲಿ ಪೈ ತಿನ್ನೋಣ," ಎಂದಿದ್ದ.

ನನ್ನಂಥ ಐವತ್ತಾರರ ವಿಧವೆಯ ಮುಂದೆ ಯಾರಾದರೂ ಮನಸ್ಸು ಬಿಚ್ಚುವುದು ಇನ್ನು ಹೇಗೆ? ಆದರೆ ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ರಿಯಾಯಿತಿಯ ನೆವ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ನವೆಂಬರಿನ ಮಂಜಿಗೆ ಊರ ಬೆಟ್ಟ ಕಾಣುತ್ತಿರಲಿಲ್ಲ. ಆಫೀಸಿಗೆ ಹೊರಟ ಕಪ್ಪು ಕೋಟಿನ ಜನ ನಿಂತಿದ್ದರು. ಕ್ಲೈವ್ ಬೆಂಚಿನ ತುದಿಯಲ್ಲಿದ್ದ. ಕಾಲ ಬಳಿ, ಎಂದೂ ತಾರದ ಒಂದು ಬ್ಯಾಗು.

"ಏನೋ, ಲಾಟರಿ ಹೊಡೀತಾ?"

"ಒಂದಿನ ದೊಡ್ಡವರ ಥರ ಹೋಗೋಣ ಅಂತ ಕಣೇ."

ತಮಾಷೆ ಮಾಡುವಾಗ ಅವನು ನನ್ನ ಕಣ್ಣನ್ನೇ ನೋಡುವವನು. ಇಂದು ಹಳಿಯನ್ನು ನೋಡುತ್ತಿದ್ದ.

ಗಾಡಿಯಲ್ಲಿ ಟಿಕೆಟ್ ನೋಡುವ ಗಾರ್ಡ್ ಹೆಂಗಸು ಬಂದಾಗ ಅಭ್ಯಾಸಬಲದಿಂದ ನಾನು ಕಾರ್ಡ್ ಚಾಚಿದೆ.

"ಈ ಗಾಡಿಗೆ ಇದು ನಡೆಯಲ್ಲ ಅಮ್ಮಾ," ಎಂದು ಅವಳು ನಕ್ಕಳು. "ಅಲ್ದೆ ಭಾನುವಾರಕ್ಕೆ ಇದರ ಅವಧೀನೂ ಮುಗಿಯುತ್ತೆ."

ಕ್ಲೈವ್ ಟಿಕೆಟ್‌ಗಳನ್ನು ಕೊಟ್ಟ. ಅವಳು ಅವನ್ನು ನೋಡಿ ನನ್ನ ಕೈಗಿಟ್ಟಳು. ಮೂರಿದ್ದವು. ನನಗೆ ಹೋಗಲು ಒಂದು, ಬರಲು ಒಂದು. ಅವನಿಗೆ ಹೋಗಲು ಮಾತ್ರ.

ಗಾರ್ಡ್ ಮುಂದೆ ಹೋಗುವವರೆಗೆ ಕಾದೆ. "ಯಾರವಳು?" ಎಂದೆ.

"ಯಾರು?"

"ಬ್ಯಾಗ್ ತುಂಬ್ಕೊಂಡು ಯಾರ ಮನೆಗೆ ಹೋಗ್ತಿದೀಯೋ, ಅವಳು."

ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ಬೇಸಿಗೆಯಿಂದಲೂ ಇತ್ತು. ನಾನೇ ಅದನ್ನು ನೆಗಡಿ ಎಂದುಕೊಂಡಿದ್ದೆ.

"ಸರ್ಜನ್ ಮಾರಾಯ್ತಿ. ಎಂಟೂವರೆಗೆ ಆಸ್ಪತ್ರೇಲಿ ಇರಬೇಕು. ಶ್ವಾಸಕೋಶದಲ್ಲಿ ಏನೋ ಬೆಳೆದಿದೆ, ತೆಗೀತಾರಂತೆ. ಆಮೇಲೇನೋ ಅವರಿಗೂ ಗೊತ್ತಿಲ್ಲ. ವಾಪಸ್ ಟಿಕೆಟ್ ತಗೊಂಡು ದಂಡ ಆದ್ರೆ?"

ಅವನ ಕೋಟಿನ ಜೇಬಿನಿಂದ ಆಸ್ಪತ್ರೆಯ ಕಾಗದ ಇಣುಕುತ್ತಿತ್ತು. ಎಳೆದುಕೊಂಡೆ. ಜೊತೆಗೆ ಬರುವವರು: ಥೆಲ್ಮಾ ಪಾರ್ಗಿಟರ್. ಸಂಬಂಧ ಎಂಬಲ್ಲಿ ಖಾಲಿ.

"ಏನು ಬರೀಬೇಕೋ ತಿಳೀಲಿಲ್ಲ," ಎಂದ. "ನಿನ್ನ ಕೇಳದೆ ಬರೆದ್ರೆ ತಪ್ಪಾಗತ್ತಲ್ಲ."

ನಾನು ಫೋನ್ ತೆಗೆದು ನಮ್ಮ ಕಾರ್ಡನ್ನು ಇನ್ನೊಂದು ವರ್ಷಕ್ಕೆ ಮಾಡಿಸಿದೆ. ತೆರೆಯ ಮೇಲೆ ಮತ್ತೆ ಅವೇ ಎರಡು ಮುಖಗಳು. ಆಮೇಲೆ ನನ್ನ ವಾಪಸ್ ಟಿಕೆಟನ್ನು ಅವನೆದುರೇ ಎರಡು ಚೂರು ಮಾಡಿದೆ.

"ಹುಚ್ಚೀ! ಪೂರ್ತಿ ದರದ್ದು ಕಣೇ ಅದು!" ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇನ್ನು ಹೆಂಗೆ ವಾಪಸ್ ಹೋಗ್ತೀಯ?"

"ನಿನ್ನ ಜೊತೆ. ಎಷ್ಟು ದಿನ ಆದ್ರೂ ಸರಿ. ಒಂಬತ್ತೂವರೆ ಆದ್ಮೇಲಿನ ಗಾಡೀಲಿ. ಪೆನ್ನು ಕೊಡು, ನೀನು ಖಾಲಿ ಬಿಟ್ಟಿದ್ದನ್ನ ನಾನೇ ತುಂಬ್ತೀನಿ."

ಕಿಟಕಿಯಾಚೆ ಮಂಜು ಇನ್ನೂ ದಟ್ಟವಾಗಿತ್ತು. ಮುಂದಿನ ನಿಲ್ದಾಣ ಆಸ್ಪತ್ರೆಯದೇ ಎಂದು ಧ್ವನಿವರ್ಧಕ ಹೇಳಿತು. ಪೆನ್ನು ಕೊಡುತ್ತ ಕ್ಲೈವ್, ಆ ಬೆಳಿಗ್ಗೆ ಮೊದಲ ಸಲ, ನನ್ನ ಕಣ್ಣನ್ನು ನೋಡಿದ.